ಪವರ್ ಜಾಕ್ ಹಾಳಾದರೆ ಲ್ಯಾಪ್‌ಟಾಪನ್ನೇ ಎಸೆಯಬೇಕೆ?

ನೆಗಡಿ ಬಂತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ. ಲ್ಯಾಪ್‌ಟಾಪ್ ವಿಷಯದಲ್ಲಿ ಮಾತ್ರ ನಾವು ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದೇವೆ. ಚಾರ್ಜರಿನ ಪಿನ್ ಹೋಗಿ ಕೂರುವ ಸಣ್ಣ ಭಾಗವೊಂದು ಸಡಿಲವಾದರೆ 'ಮದರ್‌ಬೋರ್ಡ್ ಹೋಗಿದೆ' ಎಂಬ ಮಾತು ಬರುತ್ತದೆ. ಬೋರ್ಡಿನ ಬೆಲೆ ಕೇಳಿದ ಮೇಲೆ ಹೊಸ ಲ್ಯಾಪ್‌ಟಾಪಿನ ಕಂತಿನ ಲೆಕ್ಕ ಶುರುವಾಗುತ್ತದೆ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಥಾಣೆಯಲ್ಲಿ ಇಳಿದು, ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿಗೋ ಘಣಸೋಲಿಗೋ ಹೋಗುವವರ ಜೊತೆ ಲ್ಯಾಪ್‌ಟಾಪೂ ಆ ನೂಕುನುಗ್ಗಲಿನಲ್ಲಿ ದಿನಕ್ಕೆರಡು ಸಲ ಹೋಗಿಬರುತ್ತದೆ. ಆಫೀಸಿನಲ್ಲಿ ಒಮ್ಮೆ, ಮನೆಯಲ್ಲಿ ಒಮ್ಮೆ ಪಿನ್ ಚುಚ್ಚಿದರೂ ವರ್ಷಕ್ಕೆ ಏಳುನೂರು ಸಲವಾಯಿತು. ಇಲ್ಲಿನ ಸಣ್ಣ ಮನೆಗಳಲ್ಲಿ ಎಲ್ಲರಿಗೂ ಬೇರೆ ಮೇಜು ಇರುವುದಿಲ್ಲ. ಹಾಸಿಗೆಯ ಮೇಲೆ ಕೂತು ಕೆಲಸ ಮಾಡುವಾಗ ಪಿನ್ ಬಾಗುತ್ತದೆ, ಓಡಾಡುವವರ ಕಾಲಿಗೆ ವಯರು ಸಿಕ್ಕಿಕೊಳ್ಳುತ್ತದೆ. ಚಪ್ಪಲಿಯ ಅಟ್ಟೆ ಸವೆಯುವ ಹಾಗೆ ಜಾಕ್ ಸವೆಯುತ್ತದೆ. ಅದರಲ್ಲಿ ಬಳಸಿದವರ ತಪ್ಪೇನೂ ಇಲ್ಲ.

ಸವೆದದ್ದು ಹೇಗೆ ಗೊತ್ತಾಗುತ್ತದೆ? ಮೊದಮೊದಲು ಪಿನ್ನನ್ನು ಒಂದು ಓರೆಯಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಅದಕ್ಕೆ ಪುಸ್ತಕ ಒತ್ತಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ಕೆಲವು ವಾರ ನೂಕುತ್ತೇವೆ. ಇದು ಅಪಾಯದ ಕೆಲಸ. ಸಾಮಾನ್ಯವಾದ 65 ವಾಟ್ ಚಾರ್ಜರ್ 19.5 ವೋಲ್ಟಿನಲ್ಲಿ ಮೂರು ಆಂಪಿಯರಿಗಿಂತ ಹೆಚ್ಚು ವಿದ್ಯುತ್ ಹರಿಸಬಲ್ಲದು. ಸಂಪರ್ಕ ಸಡಿಲವಿದ್ದರೆ ಅಲ್ಲೇ ಶಾಖ ಹುಟ್ಟಿ ಜಾಕಿನ ಪ್ಲಾಸ್ಟಿಕ್ ಕರಗುತ್ತದೆ, ಕಿಡಿ ಹಾರುತ್ತದೆ, ಕೊನೆಗೆ ಬೋರ್ಡೂ ಸುಡಬಹುದು. ಮೊದಲೇ ತೋರಿಸಿದ್ದರೆ ಕೆಲವು ನೂರು ರೂಪಾಯಿಯ ಭಾಗ ಮತ್ತು ಕೂಲಿಯಲ್ಲಿ ಮುಗಿಯುತ್ತಿದ್ದ ಕೆಲಸ ಆಮೇಲೆ ನಿಜಕ್ಕೂ ಮದರ್‌ಬೋರ್ಡಿನ ಕೆಲಸವಾಗುತ್ತದೆ.

ಆದರೆ ಚಾರ್ಜ್ ಆಗದ ಲ್ಯಾಪ್‌ಟಾಪಿಗೆಲ್ಲ ಬೋರ್ಡೇ ಕಾರಣವಲ್ಲ. ಮೊದಲು ನೋಡಬೇಕಾದ್ದು ಚಾರ್ಜರನ್ನು. ಮಲ್ಟಿಮೀಟರ್ ಹಿಡಿದರೆ ನಿಮಿಷದ ಕೆಲಸ. ಎರಡನೆಯದು ಪಿನ್. ಡೆಲ್, ಎಚ್‌ಪಿಯ ದುಂಡು ಪಿನ್ನುಗಳ ನಡುವೆ ಸೂಜಿಯಂಥ ಕಡ್ಡಿ ಇರುವುದನ್ನು ನೋಡಿರಬಹುದು. ಚಾರ್ಜರ್ ಯಾವುದು, ಎಷ್ಟು ವಾಟಿನದು ಎಂದು ಲ್ಯಾಪ್‌ಟಾಪಿಗೆ ತಿಳಿಸುವುದು ಅದೇ. ಅದು ಬಾಗಿದರೆ ಲ್ಯಾಪ್‌ಟಾಪ್ ಆನ್ ಆದರೂ ಬ್ಯಾಟರಿ ತುಂಬದೇ ಇರಬಹುದು. ಮೂರನೆಯದು ಜಾಕ್. ಇವೆಲ್ಲ ಸರಿಯಿದ್ದ ಮೇಲೆ ಬೋರ್ಡಿನ ಸರದಿ.

ನಮ್ಮ ಕಟ್ಟಡದ ಹುಡುಗನೊಬ್ಬ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದ. ಪ್ರಾಜೆಕ್ಟ್ ಸಲ್ಲಿಸುವ ವಾರವೇ ಲ್ಯಾಪ್‌ಟಾಪ್ ಚಾರ್ಜ್ ಆಗುವುದು ನಿಂತಿತು. ಸರ್ವಿಸ್ ಸೆಂಟರಿನಲ್ಲಿ ಬೋರ್ಡ್ ಬದಲಿಸಬೇಕು, ಹತ್ತು ದಿನ ಬೇಕು ಎಂದರು. ಸ್ಟೇಷನ್ ಹತ್ತಿರದ ಸಣ್ಣ ಅಂಗಡಿಯವನು ಕೆಳಗಿನ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ವಯರಿನ ತುದಿಯಲ್ಲಿದ್ದ ಜಾಕನ್ನು ಬದಲಿಸಿಕೊಟ್ಟ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಜಾಕ್ ವಯರಿನ ತುದಿಯಲ್ಲಿ ಇದ್ದದ್ದರಿಂದ ಆ ಹುಡುಗ ಉಳಿದುಕೊಂಡ. ಕೆಲವು ಮಾದರಿಗಳಲ್ಲಿ ಜಾಕಿಗೆ ಹೀಗೆ ಬೇರೆ ವಯರಿದ್ದು ಅದು ಬೋರ್ಡಿಗೆ ಸಿಕ್ಕಿಸಿರುತ್ತದೆ. ಬದಲಿಸಲು ಸ್ಕ್ರೂಡ್ರೈವರ್ ಸಾಕು. ಇನ್ನು ಕೆಲವುದರಲ್ಲಿ ಜಾಕನ್ನು ನೇರ ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನು ಕೀಳಲು ಹೆಚ್ಚು ಶಾಖ ಬೇಕು, ಕೈ ತುಸು ತಪ್ಪಿದರೆ ಬೋರ್ಡಿನ ತಾಮ್ರದ ಪದರವೇ ಎದ್ದುಬರುತ್ತದೆ. ಸಣ್ಣ ಸಣ್ಣ ಕಾಲುಗಳ ಯುಎಸ್‌ಬಿ-ಸಿ ಜಾಕ್ ಬೋರ್ಡಿನ ಮೇಲಿದ್ದರೆ ಕೆಲಸ ಇನ್ನೂ ನಾಜೂಕು. ದಿನವೂ ಸವೆಯುವ ಭಾಗವನ್ನು ಅತ್ಯಂತ ದುಬಾರಿ ಭಾಗಕ್ಕೆ ಬೆಸೆಯುವುದು ಕಂಪನಿಯ ತೀರ್ಮಾನ. ತಯಾರಿಸುವಾಗ ಅವರಿಗೆ ಒಂದು ವಯರಿನ ಖರ್ಚು ಉಳಿಯುತ್ತದೆ. ಎರಡು ಮೂರು ವರ್ಷದ ಮೇಲೆ ಅದರ ಬೆಲೆ ತೆರುವವರು ನಾವು.

ಯಾರು ಬೇಕಾದರೂ ಬಿಚ್ಚಿದರೆ ಅಪಾಯ ಎಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಕೆಟ್ಟ ಬೆಸುಗೆಯಿಂದ ಶಾರ್ಟ್ ಆಗಬಹುದು, ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹತ್ತಬಹುದು. ಎಲ್ಲ ಅಂಗಡಿಗಳ ಕೈಕೆಲಸ ಒಂದೇ ಸಮ ಇರುವುದೂ ಇಲ್ಲ. ಅದಕ್ಕೆ ಪರಿಹಾರ ಅಸಲಿ ಭಾಗ, ಸರ್ಕ್ಯೂಟಿನ ನಕ್ಷೆ, ದುರಸ್ತಿಯ ಕೈಪಿಡಿ ಎಲ್ಲರಿಗೂ ಸಿಗುವಂತೆ ಮಾಡುವುದು. ಅವನ್ನು ಬಚ್ಚಿಟ್ಟು, ಸಿಕ್ಕ ನಕಲಿ ಭಾಗ ಹಾಕಿದ ರಿಪೇರಿಯವನನ್ನು ದೂರುವುದು ನ್ಯಾಯವಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಿಂದ ಭಾಗ ತಂದು, ಬೇರೆಯವರ ಕೆಲಸ ನೋಡಿ ನೋಡಿ ಕಲಿತ ಎಷ್ಟೋ ಹುಡುಗರು ಈ ಊರುಗಳಲ್ಲಿ ನಮ್ಮ ಯಂತ್ರಗಳ ಆಯಸ್ಸು ಬೆಳೆಸುತ್ತಿದ್ದಾರೆ.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಗೊತ್ತಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆಯಿತು. ದುರಸ್ತಿ ಎಷ್ಟು ಸುಲಭ ಎಂದು ಅಂಕ ಕೊಡುವ ಸೂಚ್ಯಂಕದ ವರದಿ 2025ರ ಮೇ ತಿಂಗಳಲ್ಲಿ ಇಲಾಖೆಯ ಕೈಸೇರಿತು. ಆದರೆ ಮಾಹಿತಿ ಕೊಡಿ ಎಂದು ಕೇಳುವುದು ಬೇರೆ, ಕೊಡಲೇಬೇಕು ಎನ್ನುವುದು ಬೇರೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದಲೇ ಲ್ಯಾಪ್‌ಟಾಪ್ ಮಾರುವಾಗ ಹತ್ತಕ್ಕೆ ಎಷ್ಟು ಅಂಕ ಎಂದು ಬೆಲೆಯ ಪಕ್ಕದಲ್ಲೇ ತೋರಿಸಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಒಂದೇ ಬಗೆಯ ಚಾರ್ಜರಿನ ನಿಯಮ ಲ್ಯಾಪ್‌ಟಾಪಿಗೆ ಅನ್ವಯವಾಗುವ ದಿನ 2026ರ ಏಪ್ರಿಲ್ 28. ಎಲ್ಲರಿಗೂ ಒಂದೇ ಚಾರ್ಜರ್ ಬಂದರೆ ಒಳ್ಳೆಯದೇ. ಆದರೆ ಆ ಜಾಕೂ ಬೋರ್ಡಿಗೇ ಬೆಸೆದಿದ್ದರೆ ತೊಂದರೆ ತಪ್ಪಿದ್ದಲ್ಲ. ನಮಗೆ ಬೇಕಾದ ನಿಯಮ ಇನ್ನೂ ಸರಳ: ಚಾರ್ಜಿನ ಜಾಕ್ ಬೇರೆಯಾಗಿ ಬದಲಿಸುವಂತಿರಲಿ, ಅದರ ಬೆಲೆ ಬಹಿರಂಗವಾಗಿರಲಿ, ಮಾರಾಟ ನಿಂತ ಮೇಲೂ ಕೆಲವು ವರ್ಷ ಭಾಗ ಸಿಗಲಿ.

ನಿಯಮ ಬರುವ ತನಕ ನಾವು ಮಾಡಬಹುದಾದದ್ದೂ ಇದೆ. ಕೊಳ್ಳುವಾಗ ರ‍್ಯಾಮ್ ಎಷ್ಟು ಎಂದು ಕೇಳುವ ಹಾಗೆಯೇ ಜಾಕ್ ಬೇರೆಯಾಗಿದೆಯೇ ಎಂದೂ ಕೇಳಿ. ಪಿನ್ ಅಲ್ಲಾಡಲು ಶುರುವಾದ ವಾರವೇ ತೋರಿಸಿ. ಬೋರ್ಡ್ ಹೋಗಿದೆ ಎಂದರೆ, ಚಾರ್ಜರ್ ಮತ್ತು ಜಾಕನ್ನು ಅಳತೆ ಮಾಡಿ ನೋಡಿದಿರಾ, ಏನು ಬಂತು ಎಂದು ವಿಚಾರಿಸಿ. ಕೆಲವು ತೆಳು ಮಾದರಿಗಳಲ್ಲಿ ನಿಮ್ಮ ಫೈಲುಗಳಿರುವ ಚಿಪ್ಪೂ ಬೋರ್ಡಿನಲ್ಲೇ ಇರುತ್ತದೆ. ಬೋರ್ಡ್ ಹೋದರೆ ಅವೂ ಹೋದವು. ಆದ್ದರಿಂದ ಹೂಂ ಎನ್ನುವ ಮುಂಚೆ ಇನ್ನೊಂದು ಅಂಗಡಿಯಲ್ಲೂ ಕೇಳುವುದು ಒಳ್ಳೆಯದು. ಜಾಕ್ ಬದಲಿಸಿಕೊಟ್ಟವನು ಕೂಲಿ ಹೇಳಿದಾಗ 'ಇಷ್ಟು ಸಣ್ಣ ಭಾಗಕ್ಕೆ ಇಷ್ಟೊಂದಾ' ಎಂದು ಚೌಕಾಸಿಗೆ ಇಳಿಯಬೇಡಿ. ಅವನು ಉಳಿಸಿಕೊಟ್ಟದ್ದು ಇಡೀ ಲ್ಯಾಪ್‌ಟಾಪನ್ನು.