ಎಲ್ಲರ ಕಣ್ಣೂ ನನ್ನ ಮೇಲೆಯೇ!

ಎಂಟನೇ ತರಗತಿಯ ಹುಡುಗ. ಹದಿಮೂರು ತುಂಬಿದೆ. ಸೋಮವಾರ ಬಂತೆಂದರೆ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೊಟ್ಟೆನೋವು ಶುರು. ಶಾಲೆಯ ಗಂಟೆ ಬಾರಿಸುವ ಹೊತ್ತು ದಾಟಿದ ಮೇಲೆ ತಾನಾಗಿಯೇ ಕಡಿಮೆ. ಮೊದಲು ಸೋಮವಾರ ಮಾತ್ರ ಇದ್ದದ್ದು ಬರುಬರುತ್ತಾ ವಾರವಿಡೀ ಆಯಿತು. ಅಜ್ಜಿ ದೃಷ್ಟಿ ತೆಗೆದರು. ಡಾಕ್ಟರು ಸ್ಕ್ಯಾನಿಂಗ್ ಮಾಡಿಸಿ, ‘ಹೊಟ್ಟೆಯಲ್ಲಿ ಏನೂ ಇಲ್ಲ, ಯಾರಾದರೂ ಹತ್ತಿರ ಕೂತು ಅವನನ್ನು ಮಾತಾಡಿಸಿ’ ಎಂದರು. ಹಾಗೆ ಆ ತಾಯಿ ಮಗನನ್ನು ಕರೆದುಕೊಂಡು ನನ್ನ ಬಳಿಗೆ ಬಂದರು.

ಎರಡು ಭೇಟಿಯವರೆಗೆ ಹುಡುಗ ಬಾಯಿಯೇ ಬಿಡಲಿಲ್ಲ. ಮೂರನೆಯ ಸಲ, ತಾಯಿ ಹೊರಗೆ ಹೋದ ಮೇಲೆ, ಮೆಲ್ಲಗೆ ಹೇಳಿದ. ಗಣಿತದ ಕಿರುಪರೀಕ್ಷೆಯಲ್ಲಿ ಅವನಿಗೆ 25ಕ್ಕೆ 9 ಬಂದಿತ್ತು. ಪೋಷಕರ ಸಭೆಗೆ ಬಂದ ತಂದೆ ಉತ್ತರಪತ್ರಿಕೆ ನೋಡಿದ್ದೇ ತಡ, ವರಾಂಡದಲ್ಲಿ ಅವನ ಸಹಪಾಠಿಗಳ ಎದುರೇ, ‘ನಿನಗ್ಯಾಕೋ ಓದು? ದನ ಕಾಯೋಕೆ ಹೋಗು!’ ಎಂದು ಗದರಿದ್ದರು. ಮರುದಿನದಿಂದ ಹುಡುಗ ತರಗತಿಯೊಳಗೆ ಕಾಲಿಟ್ಟರೆ ಸಾಕು, ಹಿಂದಿನ ಬೆಂಚಿನಿಂದ ‘ಅಂಬಾ’ ಎಂಬ ದನಿ ಏಳುತ್ತಿತ್ತು.

‘ಇಡೀ ಸ್ಕೂಲು ನನ್ನನ್ನೇ ನೋಡಿ ನಗುತ್ತೆ ಮೇಡಂ. ಬಸ್ಸಲ್ಲಿ ಇರೋರಿಗೂ ಗೊತ್ತಾಗಿದೆ ಅನ್ಸುತ್ತೆ’ ಎಂದ.

ತಂದೆಯನ್ನು ಕರೆಸಿದೆ. ಅವರಿಗೆ ನಂಬಿಕೆಯೇ ಆಗಲಿಲ್ಲ. ‘ಅಷ್ಟಕ್ಕೇ ಸ್ಕೂಲು ಬಿಡೋದಾ ಮೇಡಂ? ನಮ್ಮಪ್ಪ ಬಾಸುಂಡೆ ಬರೋ ಹಾಗೆ ಬಾರಿಸ್ತಿದ್ರು. ನಾವು ಓದ್ಲಿಲ್ವಾ?’

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಬಹಳ ಮನೆಗಳಲ್ಲಿ ಕೇಳಿಬರುವಂಥದ್ದು. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಅಮೆರಿಕದ ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲಿ ಹದಿವಯಸ್ಸಿನವರ ಬಗ್ಗೆ ಒಂದು ಮುಖ್ಯವಾದ ಅಂಶವನ್ನು ಗುರುತಿಸಿದರು. ಬೇರೆಯವರ ಮನಸ್ಸಿನಲ್ಲಿ ಏನಿರಬಹುದು ಎಂದು ಊಹಿಸುವ ಶಕ್ತಿ ಈ ವಯಸ್ಸಿನಲ್ಲಿ ಹೊಸದಾಗಿ ಬಲಿಯುತ್ತದೆ. ಅದೇ ಹೊತ್ತಿಗೆ ದೇಹ ಬದಲಾಗುತ್ತಿರುತ್ತದೆ, ದನಿ ಒಡೆಯುತ್ತಿರುತ್ತದೆ, ಮುಖದಲ್ಲಿ ಮೊಡವೆ ಏಳುತ್ತಿರುತ್ತದೆ. ಹೀಗಾಗಿ ಮಕ್ಕಳ ಗಮನವೆಲ್ಲ ತಮ್ಮ ಮೇಲೆಯೇ. ತಾವು ಸದಾ ತಮ್ಮ ಬಗ್ಗೆ ಯೋಚಿಸುತ್ತಿರುವುದರಿಂದ, ಇತರರೂ ತಮ್ಮ ಬಗ್ಗೆಯೇ ಯೋಚಿಸುತ್ತಿದ್ದಾರೆ ಎಂದು ಭಾವಿಸಿಬಿಡುತ್ತಾರೆ. ಎಲ್ಕಿಂಡ್ ಇದನ್ನು ‘ಕಾಲ್ಪನಿಕ ಪ್ರೇಕ್ಷಕರು’ ಎಂದು ಕರೆದರು. ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲುವ ಮಗಳಿಗೂ, ಅಮ್ಮ ಶಾಲೆಯ ಗೇಟಿನವರೆಗೆ ಬರುವುದು ಬೇಡವೆನ್ನುವ ಮಗನಿಗೂ ಕಾಣುತ್ತಿರುವುದು ಈ ಪ್ರೇಕ್ಷಕರೇ.

ಓರಗೆಯವರ ಕಣ್ಣಿಗೆ ಎಷ್ಟು ಬಲವಿದೆ ಎಂಬುದನ್ನು ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಚೆನ್ನಾಗಿ ತೋರಿಸುತ್ತದೆ. ಸುಮಾರು 300 ಮಂದಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಹತ್ತಿದ ಮೇಲೂ ಓಡಿಸುತ್ತಿದ್ದರೆ ಅಂಕ ಹೆಚ್ಚು, ಆದರೆ ಯಾವ ಕ್ಷಣದಲ್ಲಾದರೂ ಡಿಕ್ಕಿಯಾಗಬಹುದು. 13ರಿಂದ 16 ವರ್ಷದವರು ಗೆಳೆಯರ ಎದುರು ಆಡಿದಾಗ, ಒಬ್ಬರೇ ಆಡಿದಾಗಿಗಿಂತ ಸುಮಾರು ಎರಡರಷ್ಟು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಗೆಳೆಯರು ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಗೆಳೆಯರ ಕಣ್ಣೆದುರು ಹುಡುಗನೊಬ್ಬ ಒಂದೇ ಚಕ್ರದ ಮೇಲೆ ಬೈಕ್ ಓಡಿಸಲು ಹೋಗುತ್ತಾನೆ. ಅದೇ ಕಣ್ಣೆದುರು ಬೈಸಿಕೊಂಡರೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಳ್ಳುತ್ತಾನೆ. ಎರಡೂ ಒಂದೇ ನಾಣ್ಯದ ಎರಡು ಮುಖಗಳು. ನಮ್ಮ ಹುಡುಗನ ವಿಷಯದಲ್ಲಿ ‘ಅಂಬಾ’ ಎಂದವರು ನಾಲ್ಕೈದು ಜನ, ಅದು ನಿಜ. ಬಸ್ಸಿನವರೆಲ್ಲ ನಗುತ್ತಾರೆಂಬುದು ಅವನ ಕಲ್ಪನೆ. ಆದರೆ ಅವನ ಹೊಟ್ಟೆಗೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ನೋವು ನಟನೆಯಾಗಿರಲಿಲ್ಲ.

ಹಾಗಾದರೆ ಮಕ್ಕಳನ್ನು ತಿದ್ದಲೇಬಾರದೇ? ಖಂಡಿತ ತಿದ್ದಬೇಕು. 25ಕ್ಕೆ 9 ಬಂದರೆ ವಿಚಾರಿಸಲೇಬೇಕು. ಆದರೆ ನಾಲ್ಕು ಗೋಡೆಗಳ ನಡುವೆ, ಅವನೊಬ್ಬನ ಎದುರು. ನೆಂಟರ ಮುಂದೆ, ಮದುವೆಮನೆಯ ಪಂಕ್ತಿಯಲ್ಲಿ, ಶಾಲೆಯ ವರಾಂಡದಲ್ಲಿ ಬೇಡ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ. ಚಿಕ್ಕಪ್ಪನ ಮಗಳ ಅಂಕಪಟ್ಟಿಯ ಪಕ್ಕದಲ್ಲಿ ಮಗನದನ್ನೂ ಹಾಕಿ ‘ನೀನೂ ಇದ್ದೀಯ’ ಎಂದು ಬರೆದರೆ, ಅದು ಹತ್ತು ಊರಿನ ನೆಂಟರ ಎದುರು ಬೈದಂತೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಮೇಷ್ಟ್ರು ಆಡಬಾರದ ಮಾತನ್ನು ಅಪ್ಪ ಆಡಿದರೆ ಅದರ ಪೆಟ್ಟೇನೂ ಕಡಿಮೆಯಾಗುವುದಿಲ್ಲ.

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿ, 2000ದಲ್ಲಿ ಪ್ರಕಟಿಸಿದರು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ವಿದ್ಯಾರ್ಥಿಯೊಬ್ಬನನ್ನು ಇತರರು ಕುಳಿತಿದ್ದ ಕೋಣೆಯೊಳಗೆ ಕಳಿಸಿದರು. ಅದು ಎಷ್ಟು ಜನರ ಕಣ್ಣಿಗೆ ಬಿದ್ದಿರಬಹುದು ಎಂದು ಕೇಳಿದರೆ, ತೊಟ್ಟವರು ಹೇಳಿದ್ದು ಸುಮಾರು ಅರ್ಧದಷ್ಟು ಮಂದಿ ಎಂದು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲು ಭಾಗ ಮಾತ್ರ! ನಿಮ್ಮ ಮೊಡವೆ, ನಿಮ್ಮ ಅಂಕ, ನೀವು ತಡವರಿಸಿದ ಇಂಗ್ಲಿಷ್ ವಾಕ್ಯವನ್ನು ನೀವು ಎಣಿಸಿದಷ್ಟು ಜನ ಗಮನಿಸಿರುವುದಿಲ್ಲ. ಪಕ್ಕದ ಬೆಂಚಿನವನೂ ತನ್ನನ್ನು ಎಲ್ಲರೂ ನೋಡುತ್ತಿದ್ದಾರೆಂಬ ಚಿಂತೆಯಲ್ಲೇ ಇರುತ್ತಾನೆ. ಅದಕ್ಕೇ ಯಾರನ್ನಾದರೂ ‘ಅಂಬಾ’ ಎಂದು ಅಣಕಿಸುವ ಮುನ್ನ ಒಮ್ಮೆ ಯೋಚಿಸಿ. ನಿಮಗದು ಒಂದು ನಿಮಿಷದ ನಗು, ಅವನಿಗೆ ಒಂದು ವಾರದ ನಿದ್ದೆ.

ಮಗು ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಗೆಳೆಯರನ್ನೂ ಬಿಟ್ಟಿದ್ದರೆ ತಡಮಾಡದೆ ವೈದ್ಯರನ್ನು ಅಥವಾ ಆಪ್ತಸಲಹೆಗಾರರನ್ನು ಕಾಣಿ. ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಅಂದೇ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ತಂದೆಗೆ ಇಷ್ಟನ್ನೂ ಹೇಳಿದೆ. ಆದರೂ ಅವರ ಮುಖ ಬಿಗಿದೇ ಇತ್ತು. ಕೊನೆಗೆ, ‘ನಿಮ್ಮ ಎಂಟನೇ ಕ್ಲಾಸು ನೆನಪಿದೆಯೇ?’ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ‘ಚಡ್ಡಿ ಹಿಂದೆ ತೇಪೆ ಹಾಕಿತ್ತು ಮೇಡಂ. ಮೇಷ್ಟ್ರು ಬೋರ್ಡ್ ಹತ್ರ ಕರೆದ್ರೆ, ಲೆಕ್ಕ ಗೊತ್ತಿದ್ರೂ ಗೊತ್ತಿಲ್ಲ ಅಂತಿದ್ದೆ. ಬೋರ್ಡ್ ಕಡೆ ತಿರುಗಿದ್ರೆ ಎಲ್ರಿಗೂ ಕಾಣುತ್ತಲ್ಲ...’

ಅಪ್ಪನ ಬಾಸುಂಡೆ ಎಂದೋ ಮಾಸಿತ್ತು. ತೇಪೆ ಮಾತ್ರ ಇನ್ನೂ ಹಾಗೇ ಇತ್ತು.

ಆ ರಾತ್ರಿ ಅವರು ಮಗನ ಪಕ್ಕ ಕೂತು, ‘ಎಲ್ರ ಮುಂದೆ ಹಾಗೆ ಅನ್ನಬಾರದಿತ್ತು ಕಣೋ, ನಂದೇ ತಪ್ಪು’ ಎಂದರಂತೆ. ತರಗತಿಯ ಅಧ್ಯಾಪಕಿಯೂ ಅಣಕಿಸುತ್ತಿದ್ದ ಹುಡುಗರನ್ನು ಒಬ್ಬೊಬ್ಬರನ್ನಾಗಿ, ಪ್ರತ್ಯೇಕವಾಗಿ ಕರೆದು ತಿಳಿಹೇಳಿದರು. ಹೊಟ್ಟೆನೋವು ಒಂದೇ ದಿನಕ್ಕೆ ನಿಲ್ಲಲಿಲ್ಲ. ಆದರೆ ಎರಡನೆಯ ಸೋಮವಾರ ಹುಡುಗ ತಾನಾಗಿಯೇ ಬ್ಯಾಗು ಹೆಗಲಿಗೇರಿಸಿದನಂತೆ. ಅಪ್ಪ ಗೇಟಿನವರೆಗೆ ಹೋಗಲಿಲ್ಲ. ಅವನು ಕೇಳಿಕೊಂಡಂತೆ, ಬೀದಿಯ ತಿರುವಿನಲ್ಲೇ ಸ್ಕೂಟರ್ ನಿಲ್ಲಿಸಿದರು.