ಕಟ್ಟಡದ ಕಾಯಕ

ಪ್ರತಿಯೊಂದು ಕಟ್ಟಡಕ್ಕೂ ಎರಡು ಉದ್ಘಾಟನೆಗಳುಂಟು. ಮೊದಲನೆಯದು ತಳಿರುತೋರಣ, ಮಂಗಳವಾದ್ಯಗಳ ನಡುವೆ ಪೂಜ್ಯರ ಸಾನ್ನಿಧ್ಯದಲ್ಲಿ ನೆರವೇರುವಂಥದು. ಎರಡನೆಯದು ಚೈತ್ರದ ಬಿಸಿಲಿನಲ್ಲಿ, ಆಷಾಢದ ಮಳೆಯಲ್ಲಿ, ಮಕ್ಕಳು ಕಿಕ್ಕಿರಿದು ಕುಳಿತ ಕೊಠಡಿಯಲ್ಲಿ ಆಹ್ವಾನಪತ್ರಿಕೆಯಿಲ್ಲದೆ ನಡೆಯುವಂಥದು. ಮೊದಲನೆಯದರ ಭಾವಚಿತ್ರಗಳು ಸ್ಮರಣ ಸಂಚಿಕೆಗಳಲ್ಲಿ ಅಚ್ಚಾಗುತ್ತವೆ; ಎರಡನೆಯದರ ವರದಿಯನ್ನು ಬರೆದವರು ವಿರಳ. ಆದರೆ ಕಟ್ಟಡದ ಯೋಗ್ಯತೆ ನಿರ್ಣಯವಾಗುವುದು ಎರಡನೆಯದರಲ್ಲಿಯೇ.

'ವಾಸ್ತು' ಎಂಬ ಶಬ್ದವು ಸಂಸ್ಕೃತದ 'ವಸ್' ಧಾತುವಿನಿಂದ ಹುಟ್ಟಿದುದು. ವಾಸಿಸುವುದೆಂಬುದೇ ಅದರ ಮೂಲಾರ್ಥ. ಈಗಲಾದರೋ ಬಾಗಿಲು ಯಾವ ದಿಕ್ಕಿಗಿರಬೇಕು, ಮೆಟ್ಟಿಲುಗಳು ಸಮವೋ ಬೆಸವೋ ಎಂಬ ಚರ್ಚೆಯಲ್ಲಿಯೇ ಆ ಶಬ್ದ ಸವೆದುಹೋಗುತ್ತಿದೆ. ಒಳಗಿರುವವರಿಗೆ ಗಾಳಿ ಸಿಕ್ಕಿತೇ, ಕೊನೆಯ ಸಾಲಿನ ಬಾಲಕನಿಗೆ ಕಪ್ಪುಹಲಗೆಯ ಅಕ್ಷರ ಕಂಡಿತೇ ಎಂದು ಕೇಳುವವರಿಲ್ಲ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸನು ಎರಡು ಸಹಸ್ರ ವರ್ಷಗಳ ಹಿಂದೆಯೇ ದೃಢತೆ, ಉಪಯುಕ್ತತೆ, ಸೌಂದರ್ಯಗಳೆಂಬ ಮೂರು ಲಕ್ಷಣಗಳನ್ನು ಕಟ್ಟಡಕ್ಕೆ ವಿಧಿಸಿದ್ದನು. ದೃಢತೆಯನ್ನು ಇಂಜಿನಿಯರರು ನೋಡಿಕೊಳ್ಳುತ್ತಾರೆ; ಸೌಂದರ್ಯವನ್ನು ಮುಖಮಂಟಪದ ಕಮಾನು ನೋಡಿಕೊಳ್ಳುತ್ತದೆ. ನಡುವಿನ ಉಪಯುಕ್ತತೆಯೇ ಅನಾಥವಾಗಿ ಉಳಿಯುತ್ತದೆ.

ಶರಣರು ಮನುಷ್ಯನ ಬೆಲೆಯನ್ನು ಅವನ ಕಾಯಕದಿಂದ ಅಳೆದರು, ಕುಲದಿಂದಲ್ಲ, ವೇಷದಿಂದಲ್ಲ. ಆ ಮಾನದಂಡ ಕಟ್ಟಡಕ್ಕೂ ಸಲ್ಲತಕ್ಕದ್ದು. ಬಿಸಿಲು ಮಳೆಗಳನ್ನು ತಡೆಯುವುದು ಛಾವಣಿಯ ಕಾಯಕ. ಗಾಳಿ ಬೆಳಕುಗಳನ್ನು ಬರಮಾಡಿಕೊಳ್ಳುವುದು ಕಿಟಕಿಯ ಕಾಯಕ. ಗುರುವಿನ ಮಾತನ್ನು ಕೆಡಿಸದೆ ಶಿಷ್ಯನ ಕಿವಿಗೆ ಮುಟ್ಟಿಸುವುದು ಗೋಡೆಗಳ ಕಾಯಕ. ಈ ಕಾಯಕದಲ್ಲಿ ತಪ್ಪಿದ ಕಟ್ಟಡವು ಎಷ್ಟು ಭವ್ಯವಾಗಿದ್ದರೂ ವೇಷಧಾರಿಯೇ ಸರಿ.

ಬಯಲುಸೀಮೆಯ ಛಾವಣಿಯನ್ನೇ ಪರಿಶೀಲಿಸಬಹುದು. ಕಲಬುರಗಿ, ರಾಯಚೂರು, ವಿಜಯಪುರಗಳ ಕಡೆ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವಲ್ಲ. ಅಲ್ಲಿನ ಹಳೆಯ ಮಾಳಿಗೆ ಮನೆಗಳ ಮೇಲೆ ದಪ್ಪನಾದ ಮಣ್ಣಿನ ಹಾಸು ಇರುತ್ತಿತ್ತು. ಹಗಲಿನ ಬಿಸಿ ಅದನ್ನು ದಾಟಿ ಒಳಗಿಳಿಯುವ ಹೊತ್ತಿಗೆ ಹೊರಗೆ ರಾತ್ರಿಯ ತಂಪು ಬಂದಿರುತ್ತಿತ್ತು. ಬೆಳಕಿಂಡಿಯ ಮೂಲಕ ಬಿಸಿಗಾಳಿ ಮೇಲೇರಿ ಹೊರಹೋಗುತ್ತಿತ್ತು. ಆ ಮನೆಗಳಲ್ಲಿ ದೋಷವಿರಲಿಲ್ಲವೆಂದಲ್ಲ. ಮಾಳಿಗೆ ಸೋರುತ್ತಿತ್ತು, ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ಬಡಿಯಬೇಕಾಗುತ್ತಿತ್ತು. ಆದರೆ ಅದರ ಸ್ಥಾನದಲ್ಲಿ ಬಂದ ನಾಲ್ಕೈದು ಅಂಗುಲದ ಕಾಂಕ್ರೀಟು ತಾರಸಿಯು ಬೆಳಗಿನಿಂದ ಹೀರಿದ ಬಿಸಿಯನ್ನು ಪಾಠದ ವೇಳೆಯಲ್ಲಿಯೇ ಕೆಳಗಿನ ಮಕ್ಕಳ ನೆತ್ತಿಯ ಮೇಲೆ ಸುರಿಯುತ್ತದೆ. ಮಧ್ಯಾಹ್ನದಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ಗದರಿಸುವ ಮುನ್ನ ಅಧ್ಯಾಪಕನು ಒಮ್ಮೆ ತಲೆಯೆತ್ತಿ ಛಾವಣಿಯನ್ನು ನೋಡುವುದು ನ್ಯಾಯವಾದೀತು.

ಶಬ್ದದ ವಿಷಯವೂ ಇಷ್ಟೇ ಮಹತ್ತ್ವದ್ದು. 1656 ರಲ್ಲಿ ಕಾಲವಾದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಧ್ವನಿ ಹಲವು ಸಲ ಮಾರ್ದನಿಗೊಡುತ್ತದೆ. ಪ್ರವಾಸಿಗರಿಗೆ ಅದು ಆನಂದ. ಅದೇ ಗುಣ ಪಾಠದ ಕೋಣೆಗೆ ಬಂದರೆ ಅನರ್ಥ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1895 ರಲ್ಲಿ ತೆರೆದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಹೀಗೆಯೇ ಆಯಿತು. ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಅಲ್ಲಿಯೇ ಸುಳಿಯುತ್ತಿತ್ತು. ಒಂದು ಪದದ ಮೇಲೆ ಇನ್ನೊಂದು ಪದ ಬಿದ್ದು ಉಪನ್ಯಾಸವೆಲ್ಲ ಗದ್ದಲವಾಗುತ್ತಿತ್ತು. ವ್ಯಾಲೇಸ್ ಸಬೈನ್ ಎಂಬ ತರುಣ ಭೌತಶಾಸ್ತ್ರ ಅಧ್ಯಾಪಕನು ಇದರ ಪರಿಹಾರಕ್ಕೆ ನಿಯುಕ್ತನಾದನು. ಆತನು ನಿಶ್ಶಬ್ದವಾದ ರಾತ್ರಿಗಳಲ್ಲಿ ಆರ್ಗನ್ ಕೊಳವೆಯನ್ನು ನುಡಿಸಿ, ಸಮೀಪದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದು ಹರಡಿ, ಪ್ರತಿಸಲವೂ ಧ್ವನಿ ಉಳಿಯುವ ಕಾಲವನ್ನು ಅಳೆದನು. ಮೆತ್ತೆಗಳು ಹೆಚ್ಚಿದಂತೆ ಆ ಕಾಲ ಒಂದು ಸೆಕೆಂಡಿನ ಸಮೀಪಕ್ಕೆ ಇಳಿಯಿತು. ಆ ಅಳತೆಗಳಿಂದ ದೊರೆತ ಸೂತ್ರವೇ 1900 ರಲ್ಲಿ ಆರಂಭವಾದ ಬಾಸ್ಟನ್ ನಗರದ ಸಿಂಫನಿ ಸಭಾಂಗಣಕ್ಕೆ ಆಧಾರವಾಯಿತು. ದೋಷವನ್ನು ಮುಚ್ಚಿಡದೆ ಅಳೆದುದರಿಂದ ಒಂದು ಶಾಸ್ತ್ರವೇ ಜನಿಸಿತು.

ಭಾರತದಲ್ಲಿ ವಿಧಿಗಳ ಕೊರತೆಯಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 1970 ರಲ್ಲಿ ಬಂದಿತು. ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007 ರಲ್ಲಿ ಬಂದಿತು. ಆದರೆ ಸಂಹಿತೆಯು ಕಾಗದದ ನಕ್ಷೆಯನ್ನು ತಿದ್ದಬಲ್ಲುದು. ಬಳಕೆಯಲ್ಲಿರುವ ಕೊಠಡಿಯ ಸ್ಥಿತಿಯನ್ನು ಅರಿಯಬೇಕಾದವರು ಅಲ್ಲಿರುವವರೇ.

ಶಾಲೆಯು ಪ್ರತಿವರ್ಷವೂ ಮಕ್ಕಳನ್ನು ಪರೀಕ್ಷಿಸುತ್ತದೆ. ಮಕ್ಕಳನ್ನು ಧರಿಸಿರುವ ಕಟ್ಟಡವನ್ನು ಮಾತ್ರ ಒಮ್ಮೆಯೂ ಪರೀಕ್ಷಿಸುವುದಿಲ್ಲ. ಇದಕ್ಕೆ ಬೇಕಾದ ಸಲಕರಣೆ ಅತ್ಯಲ್ಪ: ಒಂದು ಉಷ್ಣಮಾಪಕ, ಒಂದು ದಿನಚರಿ ಪುಸ್ತಕ. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಪ್ರತಿ ಕೊಠಡಿಯ ಉಷ್ಣತೆಯನ್ನು ಹಿರಿಯ ವಿದ್ಯಾರ್ಥಿಗಳೇ ಬರೆದಿಡಲಿ; ಮೋಡ ಕವಿದ ದಿನ ದೀಪವಿಲ್ಲದೆ ಕೊನೆಯ ಸಾಲಿನಲ್ಲಿ ಓದಲಾದೀತೇ ಎಂದು ನೋಡಲಿ; ಮೊದಲ ಮಳೆಯಲ್ಲಿ ಸೋರಿದ ಸ್ಥಳವನ್ನು ಗುರುತಿಸಲಿ. ತಾರಸಿಗೆ ಸುಣ್ಣದ ಬಿಳುಪು, ಕಿಟಕಿಗೆ ಸಜ್ಜಾ, ಎದುರುಬದುರು ಗವಾಕ್ಷಿ, ಪಶ್ಚಿಮದಲ್ಲಿ ನಾಲ್ಕು ಬೇವಿನ ಮರ: ಪರಿಹಾರಗಳೂ ಬಹುಮಟ್ಟಿಗೆ ಅಗ್ಗವಾದುವೇ.

ದಾನಿಗಳು ಕಣ್ಣಿಗೆ ಕಾಣುವ ಕಾರ್ಯವನ್ನು ಬಯಸುತ್ತಾರೆ, ತಂಪಿಗೆ ಶಿಲಾಫಲಕ ಹಾಕುವುದೆಲ್ಲಿ ಎಂಬ ಆಕ್ಷೇಪ ಬರಬಹುದು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮಠಗಳ ವಿದ್ಯಾಲಯಗಳು ಎದ್ದುದು ಜೋಳಿಗೆಗೆ ಬಿದ್ದ ಹಿಡಿ ಹಿಡಿ ಕಾಳಿನಿಂದ. ಆ ಕಾಳನ್ನಿತ್ತ ತಾಯಂದಿರು ಹೆಸರನ್ನು ಕೆತ್ತಿಸಲಿಲ್ಲ. ದಾಸೋಹದಲ್ಲಿ ಉಂಡವರ ತೃಪ್ತಿಯೇ ದಾನದ ಫಲಕವಾಗಿತ್ತು. ಹೊಸ ಕಟ್ಟಡಕ್ಕೆ ಧನವಿತ್ತವರು ವರ್ಷ ಕಳೆದ ಮೇಲೆ ಒಮ್ಮೆ ಬಂದು, ವೇದಿಕೆಯ ಮೇಲಲ್ಲ, ಕೊನೆಯ ಬೆಂಚಿನಲ್ಲಿ, ಒಂದು ಪೂರ್ಣ ಪಾಠದ ಅವಧಿ ಕುಳಿತು ನೋಡಲಿ. ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿ, ಅಕ್ಷರ ನಿಚ್ಚಳವಾಗಿ ಕಂಡು, ಬೆವರು ಪುಸ್ತಕದ ಮೇಲೆ ಬೀಳದಿದ್ದರೆ ಅವರ ದಾನ ಸಾರ್ಥಕ. ಕಟ್ಟಡದ ಕಾಯಕವೂ ಸಾರ್ಥಕ.