ಆಕಳಿಗೆ ನಡಿಯೂದ ಮರತಿತ್ತು

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಹೊಳಿ ಏರಿದಾಗ ನಾವೆಲ್ಲ ದನ ಹೊಡಕೊಂಡು ಎತ್ತರದ ಕಡೆ ಹೊಂಟಿದ್ದು ನಮ್ಮ ಮೇಲವಂಕಿ ಮಂದಿಗೆ ನೆನಪಿರಬೇಕು. ಎತ್ತು ತಾವಾಗೇ ಮುಂದ ನಡದ್ವು. ಎಮ್ಮಿಗೂ ಏನೂ ತ್ರಾಸ ಆಗಲಿಲ್ಲ. ನಮ್ಮ ಎರಡು ಎಚ್‌ಎಫ್ ಆಕಳು ಮಾತ್ರ ಅರ್ಧ ಕಿಲೋಮೀಟರ್ ಹೋಗೂದ್ರಾಗ ನಿಂತಬಿಟ್ವು, ಒಂದಂತೂ ರಸ್ತಾದಾಗ ಮಲಗೇ ಬಿಟ್ಟಿತು. ಕಾಲು ಎತ್ತಿ ನೋಡಿದ್ರ ಗೊರಸು ಉದ್ದಕ ಬೆಳೆದು ಮ್ಯಾಲ ಬಾಗಿತ್ತು. ಕಡೀಕ ಟ್ರ್ಯಾಕ್ಟರ್‌ನ್ಯಾಗ ಹೇರಿಕೊಂಡು ಹೋದ್ವಿ. ಮೂರು ವರ್ಷ ಆ ಆಕಳನ್ನ ಗೂಟದಿಂದ ಬಿಚ್ಚಿರಲೇ ಇಲ್ಲ. ನಾಚಿಕಿ ಬಂತು, ಸುಳ್ಳ ಯಾಕ ಹೇಳಲಿ.

ಹಾಲು ಹೆಚ್ಚಾಗಬೇಕಂದ್ರ ಕಟ್ಟೇ ಮೇಯಿಸಬೇಕು ಅನ್ನೋದು ನಮ್ಮ ಕಡೆ ಗಟ್ಟಿಯಾಗಿ ಕುಂತೈತಿ. ಅಜ್ಜನ ಕಾಲಕ್ಕ ದನ ಗಾಯರಾಣಕ್ಕ ಹೋಗತಿದ್ವು. ಈಗ ಎಲ್ಲಾ ಕಬ್ಬು, ಬದು ಸುದ್ದಾ ಉಳದಿಲ್ಲ. ‘ಮೇಯಾಕ ಬಿಡ್ರಿ’ ಅಂತ ಉಪದೇಶ ಮಾಡೋರಿಗೆ, ಎಲ್ಲಿ ಬಿಡೂನ್ರಿ ಅಂತ ಕೇಳಬೇಕಾಗತೈತಿ. ಅಜ್ಜನ ಪದ್ಧತಿನೂ ಸುಖದ್ದೇನಲ್ಲ. ಬ್ಯಾಸಗಿಯಾಗ ದಿನವೆಲ್ಲ ಅಲೆದು ಅರೆಹೊಟ್ಟಿಲೇ ಬರತಿದ್ವು.

ಗಡಿಯಾಚೆ ಕೊಲ್ಲಾಪುರ, ಸಾಂಗ್ಲಿ ಕಡೆ ‘ಮುಕ್ತ ಗೋಠಾ’ ಅಂತಾರಲ್ಲ, ನನಗ ಸರಿ ಅನಿಸಿದ್ದು ಅದು. ಬೇಲಿ ಹಾಕಿ ಒಳಗ ದನ ಬಿಚ್ಚಿ ಬಿಡೋದು, ಅಷ್ಟ. ಒಂದು ಆಕಳಿಗೆ ನೆರಳಿನ ಕೆಳಗೆ ಸುಮಾರು 40 ಚದರ ಅಡಿ, ಬಯಲಿನಲ್ಲಿ 80 ಚದರ ಅಡಿ ಬೇಕು. ಐದು ಆಕಳಿಗೆ ಅರ್ಧ ಗುಂಟೆಗಿಂತ ಚೂರು ಹೆಚ್ಚು. ಅಷ್ಟು ಕಬ್ಬು ಬಿಟ್ಟರ ಯಾರೂ ಮುಳುಗೂದಿಲ್ಲ.

ದೊಡ್ಡ ಲಾಭ ನೀರಿಂದು. ಹಾಲು ಕೊಡೋ ದೊಡ್ಡ ಆಕಳಿಗೆ ಬ್ಯಾಸಗಿಯಾಗ ದಿನಕ್ಕ 80 ಲೀಟರ್ ಬೇಕಾದೀತು, ಇನ್ನೂ ಹೆಚ್ಚೂ ಆದೀತು. ಕಟ್ಟಿದ ಆಕಳು ನಾವು ಬಕೀಟು ತೋರಿಸಿದಾಗ ಕುಡೀಬೇಕು, ನಮಗ ಕೆಲಸ ಇದ್ದ ದಿನ ಅದಕ್ಕ ನೀರಡಿಕೆ. ಎರಡನೇದು ಮಲಗೋದು. ಆಕಳು ದಿನಕ್ಕ 10-12 ತಾಸು ಮಲಗಬೇಕು, ಮೆಲುಕು ಹಾಕಬೇಕು. ಹಸಿ ಗಂಜಳದ ಕಲ್ಲಿನ ಮ್ಯಾಲ ಅದು ನಿಂತೇ ಇರತೈತಿ, ಮಲಗಿದ್ರ ಕೆಚ್ಚಲು ಬಾವಿನ ಭಯ. ಬೆದಿಗೆ ಬಂದದ್ದೂ ಬಿಟ್ಟ ದನದಾಗ ಲಗೂನ ಕಾಣತೈತಿ. ಕಟ್ಟಿದ್ದರಾಗ ಎಷ್ಟ ಸಲ ತಪ್ಪಿಸಿಕೊಂಡೀವಿ, 21 ದಿನ ಮತ್ತ ಕಾಯಬೇಕು.

ಸಮಸ್ಯೆನೂ ಅದಾವ. ಮಳಿಗಾಲಕ್ಕ ಬಯಲು ರಾಡಿ ಆಗತೈತಿ, ಇಳಿಜಾರು ಮಾಡಿ ಗರಸು ಹಾಕಲೇಬೇಕು. ಒಂದು ಜೋರಿನ ಆಕಳು ಉಳಿದವನ್ನ ಗ್ವಾದಲಿಗೆ ಬರಗೊಡೂದಿಲ್ಲ, ನಾನು ಮೇವು ಹಾಕೂವಾಗ ಅದೊಂದನ್ನ ಕಟ್ಟತೀನಿ. ಮತ್ತ ಬಿಚ್ಚಿ ಬಿಟ್ಟು ಬರೀ ಕಬ್ಬಿನ ಎಲಿ ಹಾಕಿದ್ರೂ ಆಗೂದಿಲ್ಲ. ಅದರಾಗಿನ ಆಕ್ಸಲೇಟ್ ಸುಣ್ಣದಂಶ ಹಿಡಕೊಳ್ಳತೈತಿ. ಕಣಿಕಿ, ಖನಿಜ ಪುಡಿ ಜೋಡಿ ಬೇಕು.

ಡೇರಿಯಾಗ ಅಳೆಯೋದು ಫ್ಯಾಟ್, ಎಸ್‌ಎನ್‌ಎಫ್. ಸರಕಾರದ ಪ್ರೋತ್ಸಾಹಧನಾನೂ ಲೀಟರ್ ಲೆಕ್ಕಕ್ಕ. ಆಕಳು ಕುಂಟತೈತೋ ಇಲ್ಲೋ ಯಾರೂ ಕೇಳೂದಿಲ್ಲ, ಅದಕ್ಕ ನಾವೂ ಕೇಳೂದು ಬಿಟ್ಟೀವಿ. ನರೇಗಾದಾಗ ದನದ ಶೆಡ್ಡು ಕಟ್ಟಿಸಿಕೊಂಡವರು ಮುಂದಿನ ಬಯಲಿಗೆ ಒಂದು ಬೇಲಿ, ಒಂದು ನೀರಿನ ದೋಣಿ ಮಾಡ್ರಿ.

ನಮ್ಮ ಹಳೇ ಆಕಳು ಮೊದಲನೇ ದಿನ ಹಗ್ಗ ಬಿಚ್ಚಿದ್ರೂ ಸಂಜಿ ತನಕ ಗೂಟದ ಹತ್ರನ ನಿಂತಿತ್ತು. ಎರಡು ವಾರಕ್ಕ ಬೇವಿನ ಗಿಡದ ಬುಡ ಹಿಡೀತು. ನೋಡಬೇಕಂದ್ರ ತೋಟಕ್ಕ ಬರ್ರಿ. ಮಳಿಗಾಲದಾಗ ಬಂದ್ರ ಚೊಲೊ, ರಾಡಿನೂ ನೋಡಿ ಹೋಗಬಹುದು.